ಸೋತ ಫಿಜಿ ಕ್ವಾರ್ಟರ್ ಫೈನಲ್‌ಗೆ ಹೋಗಿದ್ದು ಹೇಗೆ? ರಗ್ಬಿ ವಿಶ್ವಕಪ್‌ನ ಲೆಕ್ಕ ಬಿಡಿಸಿ ಹೇಳ್ರಿ

ನಿಟುವಳ್ಳಿ_ನೋಡುಗ (ದಾವಣಗೆರೆ):

ರಗ್ಬಿ ಗೊತ್ತಿರೋರು ಸ್ವಲ್ಪ ನಿಧಾನಕ್ಕೆ ಬಿಡಿಸಿ ಹೇಳ್ರಿ. 2023ರ ಫ್ರಾನ್ಸ್ ವಿಶ್ವಕಪ್‌ನಲ್ಲಿ ಫಿಜಿ ತನ್ನ ಕೊನೆಯ ಗುಂಪು ಪಂದ್ಯವನ್ನು ಪೋರ್ಚುಗಲ್ ಎದುರು 23–24ರಲ್ಲಿ ಸೋತಿತು. ಸೋತ ಮೇಲೂ ಕ್ವಾರ್ಟರ್ ಫೈನಲ್‌ಗೆ ಹೋಯ್ತು. ಅವತ್ತು ಮೈದಾನಕ್ಕೇ ಇಳಿಯದ ಆಸ್ಟ್ರೇಲಿಯಾ ಹೊರಗೆ ಬಿತ್ತು. ಪಟ್ಟಿ ನೋಡಿದರೆ ಇಬ್ಬರಿಗೂ 11 ಅಂಕ. ಇದು ಯಾವ ಲೆಕ್ಕ?

ಇನ್ನೊಂದು, 2027ಕ್ಕೆ 24 ತಂಡ ಅಂತಾರೆ. ಆರು ಗುಂಪು ಮಾಡಿದರೆ ನಾಕೌಟ್‌ಗೆ ಜೋಡಿ ಹೇಗೆ ಕೂಡುತ್ತೆ? ಮತ್ತೆ, ಒಂದು ಟೂರ್ನಿಗೆ ಆರು ವಾರಕ್ಕಿಂತ ಹೆಚ್ಚು ಯಾಕೆ ಬೇಕು?

ಕೇಳೋದಕ್ಕೆ ಕಾರಣ ಐತೆ. ಇಲ್ಲಿ ಜನವರಿ ಕೊನೆಗೆ ಕಾಲೇಜು ತಂಡಗಳ ಒಂದು ರಗ್ಬಿ ಟೂರ್ನಿ ನಡೆಸೋ ಆಲೋಚನೆ ನಡೆದೈತೆ. 12 ತಂಡ, ಒಂದೇ ಮೈದಾನ, ಶನಿವಾರ ಭಾನುವಾರ ಎರಡೇ ದಿನ. ಹುಡುಗರು ಬಹುತೇಕ ಕಬಡ್ಡಿ, ಖೋಖೋ, ಕುಸ್ತಿಯಿಂದ ಬಂದೋರು. ವಿಶ್ವಕಪ್ ಮಾದರಿಯಲ್ಲೇ ಮಾಡೋಕೆ ಆಗುತ್ತಾ?

ಹತ್ತನೇ_ನಂಬರ್:

ಮೊದಲು ಒಂದು ಪದ ಸರಿ ಮಾಡ್ಕೊಳ್ಳೋಣ. ಪಂದ್ಯದೊಳಗೆ ಬರೋದಕ್ಕೂ ಅಂಕ ಅಂತೀವಿ, ಪಟ್ಟಿಗೆ ಸೇರೋದಕ್ಕೂ ಅಂಕ ಅಂತೀವಿ. ಅರ್ಧ ಗೊಂದಲ ಹುಟ್ಟೋದೇ ಅಲ್ಲಿ. ಈ ಉತ್ತರದಲ್ಲಿ ಪಂದ್ಯದ್ದನ್ನ ಸ್ಕೋರು ಅಂತೀನಿ, ಪಟ್ಟಿಯದ್ದನ್ನ ಅಂಕ ಅಂತೀನಿ.

ಸ್ಕೋರು ಬರೋದು ನಾಲ್ಕು ದಾರಿಯಲ್ಲಿ. ಎದುರಾಳಿಯ ಗೋಲು ಗೆರೆ ದಾಟಿ ಚೆಂಡನ್ನ ನೆಲಕ್ಕೆ ಒತ್ತಿದರೆ ಟ್ರೈ, 5. ಕೈಯಲ್ಲಿ ಹಿಡಿದು ಗೆರೆ ದಾಟಿದರಷ್ಟೇ ಸಾಲದು, ಒತ್ತಲೇಬೇಕು. ಟ್ರೈ ಆದ ಮೇಲೆ ಕಂಬಗಳ ನಡುವೆ ಒದೆಯೋ ಅವಕಾಶ ಕನ್ವರ್ಷನ್, 2. ಚೆಂಡು ಎಲ್ಲಿ ನೆಲ ಮುಟ್ಟಿತೋ ಅದೇ ನೇರದಲ್ಲಿ ಹಿಂದಕ್ಕೆ ಬಂದು ಒದೀಬೇಕು. ಅದಕ್ಕೇ ಗೆರೆ ದಾಟಿದ ಆಟಗಾರ ಮೂಲೆಯಲ್ಲಿ ನಿಲ್ಲದೆ ಕಂಬದ ಕಡೆಗೆ ಓಡ್ತಾನೆ. ಎದುರಾಳಿ ತಪ್ಪಿಗೆ ಸಿಗೋ ಪೆನಾಲ್ಟಿ ಒದೆತ 3, ಆಟ ನಡೆಯುತ್ತಿರುವಾಗಲೇ ಚೆಂಡನ್ನ ನೆಲಕ್ಕೆ ಬಿಟ್ಟು ಪುಟಿದ ತಕ್ಷಣ ಒದೆಯೋ ಡ್ರಾಪ್ ಗೋಲ್ 3. ಖಚಿತವಾಗಿ ಆಗಬೇಕಿದ್ದ ಟ್ರೈಯನ್ನ ತಪ್ಪಾಟದಿಂದ ತಡೆದರೆ ರೆಫರಿ ಪೆನಾಲ್ಟಿ ಟ್ರೈ ಕೊಡ್ತಾರೆ, ಅದಕ್ಕೆ ಕನ್ವರ್ಷನ್ ಇಲ್ಲದೇ ನೇರ 7.

ಈಗ ಅಂಕ. ಗೆದ್ದರೆ 4, ಸಮ ಆದರೆ 2 ತಲಾ, ಸೋತರೆ ಸೊನ್ನೆ. ಇದರ ಮೇಲೆ ಎರಡು ಬೋನಸ್. ಗೆಲ್ಲಲಿ ಸೋಲಲಿ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಟ್ರೈ ಮಾಡಿದ ತಂಡಕ್ಕೆ 1. ಸೋತರೂ ಅಂತರ 7 ಅಥವಾ ಅದರೊಳಗೆ ಇದ್ದರೆ 1. ಅಂದರೆ ಸೋತ ತಂಡವೂ ಒಂದು ಪಂದ್ಯದಿಂದ 2 ಅಂಕ ಎತ್ತಬಹುದು, ಸಮ ಮಾಡಿಕೊಂಡ ತಂಡಕ್ಕೆ ಸಿಗೋವಷ್ಟೇ.

7 ಯಾಕೆ? ಟ್ರೈ 5, ಕನ್ವರ್ಷನ್ 2, ಕೂಡಿದರೆ 7. ಒಂದೇ ದಾಳಿಯಲ್ಲಿ ಸಮ ಮಾಡಬಹುದಾದ ದೂರದಲ್ಲಿ ಸೋತಿದ್ದೀಯ ಅನ್ನೋ ಲೆಕ್ಕ. ಕಬಡ್ಡಿ ಹುಡುಗರಿಗೆ ಇದು ಹೊಸದಲ್ಲ. ಪ್ರೊ ಕಬಡ್ಡಿಯ ಹಿಂದಿನ ಸೀಸನ್‌ಗಳಲ್ಲಿ ಗೆಲುವಿಗೆ 5, ಟೈಗೆ 3, 7 ಅಥವಾ ಅದಕ್ಕಿಂತ ಕಡಿಮೆ ಅಂತರದ ಸೋಲಿಗೆ 1 ಇತ್ತಲ್ಲ, ಅದೇ ಗುಣ. ಇದರಿಂದ ಆಗೋ ದೊಡ್ಡ ಉಪಕಾರ ಅಂದ್ರೆ ಕೊನೇ ಹತ್ತು ನಿಮಿಷ ಸತ್ತ ಆಟ ಆಗಲ್ಲ. 14 ಹಿಂದಿರೋ ತಂಡ ಒಂದು ಟ್ರೈ ಮಾಡಿ ಕನ್ವರ್ಷನ್ ಹಾಕಿದರೆ ಪಂದ್ಯ ಗೆಲ್ಲದಿದ್ರೂ ಅಂಕ ಗೆಲ್ಲುತ್ತೆ. ಹಾಗಾಗಿ ಕೊನೇ ಸೀಟಿವರೆಗೂ ಓಡ್ತಾರೆ.

ಇನ್ನು ಫಿಜಿ. ಅವರ ನಾಲ್ಕು ಪಂದ್ಯ ಹಿಡೀರಿ. ವೇಲ್ಸ್ ಎದುರು 26–32 ಸೋಲು. ಅಂತರ 6, ಜೊತೆಗೆ ನಾಲ್ಕು ಟ್ರೈ, ಹಾಗಾಗಿ 2 ಅಂಕ. ಆಸ್ಟ್ರೇಲಿಯಾ ಎದುರು 22–15 ಗೆಲುವು, 4. ಜಾರ್ಜಿಯಾ ಎದುರು 17–12 ಗೆಲುವು, 4. ಅಲ್ಲಿಗೆ 10. ಆಸ್ಟ್ರೇಲಿಯಾ ಅಷ್ಟೊತ್ತಿಗೆ ತನ್ನ ನಾಲ್ಕೂ ಮುಗಿಸಿತ್ತು: ಜಾರ್ಜಿಯಾ ಮೇಲೆ ಬೋನಸ್ ಸಹಿತ 5, ಫಿಜಿಗೆ ಸೋತದ್ದು 7ರ ಅಂತರದಲ್ಲಿ ಆದ್ದರಿಂದ 1, ವೇಲ್ಸ್‌ಗೆ 6–40 ಸೋತು ಸೊನ್ನೆ, ಪೋರ್ಚುಗಲ್ ಮೇಲೆ ಬೋನಸ್ ಸಹಿತ 5. ಒಟ್ಟು 11.

ಅಕ್ಟೋಬರ್ 8ರಂದು ಟುಲೂಸ್‌ನಲ್ಲಿ ಫಿಜಿ ಇಳಿದಾಗ ಅವರಿಗೆ ಬೇಕಾಗಿದ್ದು ಒಂದೇ ಒಂದು ಅಂಕ. ಪೋರ್ಚುಗಲ್ ಗೆದ್ದಿತು, ವಿಶ್ವಕಪ್‌ನಲ್ಲಿ ಅದು ಅವರ ಮೊದಲ ಗೆಲುವು. ಆದರೆ ಅಂತರ ಒಂದೇ. ಫಿಜಿಗೆ ಸೋಲಿನ ಬೋನಸ್ 1 ಬಂತು, 11 ಆಯ್ತು. ಇಬ್ಬರದ್ದೂ ಸಮ ಆದಾಗ ಮೊದಲು ನೋಡೋದು ಪರಸ್ಪರ ಪಂದ್ಯ. ಅದನ್ನ ಗೆದ್ದಿದ್ದು ಫಿಜಿ. ಮುಗೀತು. ಸ್ಕೋರಿನ ವ್ಯತ್ಯಾಸದವರೆಗೆ ಹೋಗೋ ಅಗತ್ಯವೇ ಬೀಳಲಿಲ್ಲ.

ಕ್ರಿಕೆಟ್ ನೋಡಿ ರೂಢಿಯಾದೋರು ಇಲ್ಲೇ ಎಡವೋದು. ಅಲ್ಲಿ ಅಂಕ ಸಮ ಆದರೆ ಕಣ್ಣು ನೆಟ್ ರನ್‌ರೇಟ್ ಕಡೆ ಹೋಗುತ್ತೆ. ರಗ್ಬಿ ವಿಶ್ವಕಪ್‌ನಲ್ಲಿ ಮೊದಲ ಪ್ರಶ್ನೆ: ನೀವಿಬ್ಬರೂ ಎದುರಾದಾಗ ಯಾರು ಗೆದ್ದಿರಿ? ಅದರಲ್ಲೂ ತೀರ್ಮಾನ ಆಗದಿದ್ರೆ ಸ್ಕೋರಿನ ವ್ಯತ್ಯಾಸ, ಆಮೇಲೆ ಟ್ರೈಗಳ ವ್ಯತ್ಯಾಸ, ಆಮೇಲೆ ಒಟ್ಟು ಸ್ಕೋರು, ಒಟ್ಟು ಟ್ರೈ, ಕಡೆಗೆ ವಿಶ್ವ ರ್‍ಯಾಂಕಿಂಗ್.

ಕಲ್ಲಿನಕೋಟೆ (ಚಿತ್ರದುರ್ಗ):

ಮೇಲಿನವರು ಅಂಕದ ವಿಷಯ ಪೂರ್ತಿ ಹೇಳಿದ್ದಾರೆ. ನಾನು 2027ರ ರಚನೆ ಹೇಳುತ್ತೇನೆ.

1987ರ ಮೊದಲ ವಿಶ್ವಕಪ್‌ನಲ್ಲಿ 16 ತಂಡ ಇದ್ದವು. 1999ರಿಂದ 20. 2023ರಲ್ಲಿ ಐದೈದು ತಂಡಗಳ ನಾಲ್ಕು ಗುಂಪು, ಒಟ್ಟು 48 ಪಂದ್ಯ. 2027ರಲ್ಲಿ ಆಸ್ಟ್ರೇಲಿಯಾದಲ್ಲಿ 24 ತಂಡ, ನಾಲ್ಕು ನಾಲ್ಕರ ಆರು ಗುಂಪು. ಗುಂಪಿಗೆ 6 ಪಂದ್ಯದಂತೆ 36. ಪ್ರತಿ ಗುಂಪಿನಿಂದ ಮೊದಲಿಬ್ಬರು, ಅಂದರೆ 12 ತಂಡ ನೇರ ಮುಂದಕ್ಕೆ. ಉಳಿದ ನಾಲ್ಕು ಜಾಗ, ಆರು ಗುಂಪಿನ ಮೂರನೇ ಸ್ಥಾನದವರಲ್ಲಿ ಉತ್ತಮರಾದ ನಾಲ್ವರಿಗೆ. ಹೀಗೆ 16 ಆಯಿತು. ಅಲ್ಲಿಂದ 8 ಪಂದ್ಯ, ಕ್ವಾರ್ಟರ್ 4, ಸೆಮಿ 2, ಮೂರನೇ ಸ್ಥಾನಕ್ಕೆ 1, ಫೈನಲ್ 1. ಒಟ್ಟು 52. ನಾಲ್ಕು ತಂಡ ಹೆಚ್ಚಾದರೂ ಪಂದ್ಯ ಹೆಚ್ಚಿದ್ದು ನಾಲ್ಕೇ.

ಮೂರನೇ ಸ್ಥಾನದವರ ಹೋಲಿಕೆಯಲ್ಲಿ ಪರಸ್ಪರ ಪಂದ್ಯ ಅನ್ನುವುದೇ ಇರುವುದಿಲ್ಲ, ಅವರು ಬೇರೆ ಬೇರೆ ಗುಂಪಿನವರು. ಆದ್ದರಿಂದ ಬೋನಸ್ ಅಂಕ ಮತ್ತು ಸ್ಕೋರಿನ ವ್ಯತ್ಯಾಸಕ್ಕೆ ಹಿಂದೆಂದಿಗಿಂತ ಹೆಚ್ಚು ಬೆಲೆ ಬರುತ್ತದೆ. ದೊಡ್ಡ ತಂಡದ ಎದುರು 30ರಿಂದ ಸೋಲುವುದಕ್ಕೂ 12ರಿಂದ ಸೋಲುವುದಕ್ಕೂ ಪಟ್ಟಿಯಲ್ಲಿ ಎರಡೂ ಸೊನ್ನೆಯೇ, ಆದರೆ ಮೂರನೇ ಸ್ಥಾನದವರ ಸಾಲಿನಲ್ಲಿ ಆ 18 ನಿಮ್ಮನ್ನು ಉಳಿಸಬಹುದು.

ಡ್ರಾ ಎತ್ತುವ ವಿಧಾನದಲ್ಲೂ ಪಾಠ ಕಲಿತಿದ್ದಾರೆ. 2023ರ ಟೂರ್ನಿಗೆ ಗುಂಪು ಹಂಚಿದ್ದು 2020ರ ಡಿಸೆಂಬರ್‌ನಲ್ಲಿ, ಸುಮಾರು ಮೂರು ವರ್ಷ ಮೊದಲೇ. ಆ ಮೂರು ವರ್ಷದಲ್ಲಿ ತಂಡಗಳ ಬಲ ಏರುಪೇರಾಗಿ, ಐರ್ಲೆಂಡ್, ದಕ್ಷಿಣ ಆಫ್ರಿಕಾ, ಫ್ರಾನ್ಸ್, ನ್ಯೂಜಿಲೆಂಡ್, ಸ್ಕಾಟ್ಲೆಂಡ್ ಎಲ್ಲವೂ ಡ್ರಾದ ಒಂದೇ ಬದಿಗೆ ಸೇರಿಬಿಟ್ಟವು. ಫೈನಲ್ ತೂಕದ ಎರಡು ಪಂದ್ಯ, ಐರ್ಲೆಂಡ್–ನ್ಯೂಜಿಲೆಂಡ್ ಮತ್ತು ಫ್ರಾನ್ಸ್–ದಕ್ಷಿಣ ಆಫ್ರಿಕಾ, ಕ್ವಾರ್ಟರ್ ಫೈನಲ್‌ನಲ್ಲೇ ಮುಗಿದುಹೋದವು. 2027ರ ಡ್ರಾವನ್ನು 2025ರ ಡಿಸೆಂಬರ್ 3ರಂದು ಸಿಡ್ನಿಯಲ್ಲಿ ಎತ್ತಿದರು, ಹೊಸ ರ್‍ಯಾಂಕಿಂಗ್ ಹಿಡಿದು. ಆತಿಥೇಯ ಆಸ್ಟ್ರೇಲಿಯಾ ಆಗ ಮೊದಲ ಆರರೊಳಗೆ ಇರಲಿಲ್ಲ. ಎರಡನೇ ಸಾಲಿನಿಂದ (ರ್‍ಯಾಂಕಿಂಗ್‌ನ ನಂತರದ ಆರು ತಂಡ) ಬಂದು ನ್ಯೂಜಿಲೆಂಡ್ ಇರುವ ಎ ಗುಂಪಿಗೇ ಬಿತ್ತು.

ರ್‍ಯಾಂಕಿಂಗ್ ಲೆಕ್ಕ ಸೊಗಸಾಗಿದೆ. ಗೆದ್ದವರು ಗಳಿಸಿದಷ್ಟನ್ನೇ ಸೋತವರು ಕಳೆದುಕೊಳ್ಳುತ್ತಾರೆ, ಹೊರಗಿನಿಂದ ಏನೂ ಸೇರುವುದಿಲ್ಲ. ಬಲಿಷ್ಠರನ್ನು ಸೋಲಿಸಿದರೆ ಹೆಚ್ಚು, ದುರ್ಬಲರನ್ನು ಸೋಲಿಸಿದರೆ ಅತ್ಯಲ್ಪ. ತವರಿನ ತಂಡವನ್ನು ಲೆಕ್ಕದಲ್ಲಿ 3 ಪಾಯಿಂಟ್ ಹೆಚ್ಚು ಬಲದ್ದೆಂದು ಹಿಡಿಯುತ್ತಾರೆ. 15ಕ್ಕಿಂತ ಹೆಚ್ಚು ಅಂತರದ ಗೆಲುವಿಗೆ ಒಂದೂವರೆ ಪಟ್ಟು, 2023ರ ವಿಶ್ವಕಪ್ ಪಂದ್ಯಗಳಿಗೆ ಎರಡು ಪಟ್ಟು ಇತ್ತು.

ಬರುವ ದಾರಿ ಎರಡು. 2023ರಲ್ಲಿ ಪ್ರತಿ ಗುಂಪಿನ ಮೊದಲ ಮೂವರು 2027ಕ್ಕೆ ನೇರ ಅರ್ಹರು. ಹಾಗಾಗಿ ಮೂರನೇ ಸ್ಥಾನವೂ ಬರಿಗೈ ಅಲ್ಲ. ಉಳಿದವರು ಖಂಡವಾರು ಅರ್ಹತಾ ಪಂದ್ಯಗಳಿಂದ, ಕೊನೆಯ ಜಾಗ ಅಂತಿಮ ಅರ್ಹತಾ ಟೂರ್ನಿಯಿಂದ. ಏಷ್ಯಾದಿಂದ ಜಪಾನ್ ನೇರವಾಗಿ, ಹಾಂಗ್‌ಕಾಂಗ್ ಅರ್ಹತಾ ಸುತ್ತು ಗೆದ್ದು ಮೊದಲ ಬಾರಿಗೆ.

ದಾವಣಗೆರೆಯಲ್ಲಿ ಕೂತು ನೋಡುವವರಿಗೆ ಒಂದು ಅನುಕೂಲ. ಫ್ರಾನ್ಸ್‌ನ ಫೈನಲ್ ನಮಗೆ ನಡುರಾತ್ರಿ ಹನ್ನೆರಡೂವರೆಗೆ ಶುರುವಾಗಿತ್ತು. 2027ರ ಟೂರ್ನಿ ಅಕ್ಟೋಬರ್ 1ರಿಂದ ನವೆಂಬರ್ 13. ಅಕ್ಟೋಬರ್ 3ಕ್ಕೆ ಸಿಡ್ನಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅಲ್ಲಿ ರಾತ್ರಿ 8 ಅಂದರೆ ನಮಗೆ ಮಧ್ಯಾಹ್ನ 2.30. ಬ್ರಿಸ್ಬೇನ್, ಟೌನ್ಸ್‌ವಿಲ್‌ನಲ್ಲಿ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ಅಲ್ಲಿಯ 8 ನಮಗೆ 3.30. ಪರ್ತ್‌ನ 8 ನಮಗೆ ಸಂಜೆ 5.30, ಮಂಡಕ್ಕಿ ಮಿರ್ಚಿ ಹೊತ್ತು.

ನಿಟುವಳ್ಳಿ_ನೋಡುಗ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫಿಜಿ ಲೆಕ್ಕ ಈಗ ಕೈಗೆ ಸಿಕ್ತು. ಆರು ವಾರದ ಪ್ರಶ್ನೆ ಹಾಗೇ ಉಳೀತು. ಕಬಡ್ಡಿ ಟೂರ್ನಿಯಲ್ಲಿ ಒಂದೇ ದಿನ ಮೂರು ಮೂರು ಪಂದ್ಯ ಆಡಿಸ್ತೀವಿ. ಇಲ್ಲಿ ಯಾಕೆ ಆಗಲ್ಲ?

ಗಾಯ_ಪಟ್ಟಿ (ಫಿಸಿಯೋ):

ಮೈ ಸುಧಾರಿಸಿಕೊಳ್ಳುವ ವೇಗಕ್ಕಿಂತ ಬೇಗ ಪಂದ್ಯ ಇಡಲು ಆಗುವುದಿಲ್ಲ, ಅದಕ್ಕೆ. 80 ನಿಮಿಷದಲ್ಲಿ ಮುಂದಿನ ಸಾಲಿನ ಆಟಗಾರ ಸ್ಕ್ರಮ್‌ನಲ್ಲಿ (ಎರಡೂ ತಂಡದ ಎಂಟೆಂಟು ಜನ ತೋಳು ಹೆಣೆದು ಚೆಂಡಿಗಾಗಿ ಎದುರುಬದುರು ತಳ್ಳುವುದು) ಕುತ್ತಿಗೆ, ಭುಜ, ಬೆನ್ನಿನ ಮೇಲೆ ಎದುರಿನ ಎಂಟು ಜನರ ಒತ್ತಡ ಮತ್ತೆ ಮತ್ತೆ ಹೊರುತ್ತಾನೆ. ಅದರ ಜೊತೆಗೆ ಟ್ಯಾಕಲ್‌ಗಳು, ಅಂದರೆ ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು. ಮರುದಿನ ಸ್ನಾಯು ಬಿಗಿದು ಮೆಟ್ಟಿಲು ಇಳಿಯುವುದೂ ಕಷ್ಟ.

ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೆ 2015 ಇದೆ. ಸೆಪ್ಟೆಂಬರ್ 19ರಂದು ಬ್ರೈಟನ್‌ನಲ್ಲಿ ಜಪಾನ್ ದಕ್ಷಿಣ ಆಫ್ರಿಕಾವನ್ನು 34–32ರಲ್ಲಿ ಸೋಲಿಸಿತು. ನಾಲ್ಕೇ ದಿನಕ್ಕೆ, 23ರಂದು, ಸ್ಕಾಟ್ಲೆಂಡ್ ಎದುರು ಇಳಿಯಬೇಕಾಯಿತು. ಸ್ಕಾಟ್ಲೆಂಡ್‌ಗೆ ಅದು ಮೊದಲ ಪಂದ್ಯ, ಮೈ ತಾಜಾ. ಜಪಾನ್ 10–45ರಲ್ಲಿ ಸೋತಿತು. ಉಳಿದ ಎರಡನ್ನೂ ಗೆದ್ದರು, ನಾಲ್ಕರಲ್ಲಿ ಮೂರು ಗೆಲುವು, ಆದರೂ ಗುಂಪಿನಲ್ಲೇ ಹೊರಬಿದ್ದರು. ಒಂದೂ ಬೋನಸ್ ಇಲ್ಲದೆ 12 ಅಂಕ. ಸ್ಕಾಟ್ಲೆಂಡ್ 14. ದಕ್ಷಿಣ ಆಫ್ರಿಕಾ 16, ಅದರಲ್ಲಿ 2 ಜಪಾನ್‌ಗೆ ಸೋತ ಪಂದ್ಯದ್ದೇ: ನಾಲ್ಕು ಟ್ರೈ ಒಂದು, ಕಡಿಮೆ ಅಂತರ ಒಂದು. ಆ ಜಪಾನ್ ತಂಡಕ್ಕೆ ಆದದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ನಿಯಮ ಎಷ್ಟೇ ಸರಿಯಿದ್ದರೂ.

ಐದು ತಂಡದ ಗುಂಪಿನ ತೊಂದರೆಯೂ ಇದೇ. ಬೆಸ ಸಂಖ್ಯೆ, ಪ್ರತಿ ಸುತ್ತಿನಲ್ಲಿ ಒಂದು ತಂಡ ಖಾಲಿ ಕೂರಬೇಕು, ಯಾರಿಗೋ ಹೆಚ್ಚು ವಿಶ್ರಾಂತಿ ಯಾರಿಗೋ ಕಡಿಮೆ. 2023ರಲ್ಲಿ ಎಲ್ಲರಿಗೂ ಕನಿಷ್ಠ ಐದು ಪೂರ್ಣ ದಿನ ವಿಶ್ರಾಂತಿ ಅಂತ ಗಟ್ಟಿ ಮಾಡಿದರು. ನಾಲ್ಕರ ಗುಂಪಿನಲ್ಲಿ ಮೂರೇ ಸುತ್ತು, ಪ್ರತಿ ಸುತ್ತಿನಲ್ಲೂ ಎಲ್ಲರೂ ಆಡುತ್ತಾರೆ. ಸಮಾನವಾಗಿ ಹಂಚುವುದು ಸುಲಭ.

ತಂಡದ ಗಾತ್ರವೂ ದೇಹ ನೋಡಿಯೇ. 2023ರಲ್ಲಿ 33 ಜನರ ಬಳಗ, ಪಂದ್ಯದ ದಿನ 23: ಆಡುವವರು 15, ಬೆಂಚಿನಲ್ಲಿ 8. ಆ ಎಂಟರಲ್ಲಿ ಮೂವರು ಸ್ಕ್ರಮ್‌ನ ಮುಂದಿನ ಸಾಲಿಗೆ ತರಬೇತಾದವರೇ ಆಗಿರಬೇಕು, ಎರಡು ಪ್ರಾಪ್ (ಆ ಸಾಲಿನ ಎರಡು ಬದಿಯವರು) ಮತ್ತು ಒಂದು ಹುಕರ್ (ನಡುವಿನವನು). ಅಭ್ಯಾಸ ಇಲ್ಲದವನನ್ನು ಅಲ್ಲಿ ನಿಲ್ಲಿಸಿದರೆ ಕುತ್ತಿಗೆಗೆ ಅಪಾಯ. ಅಂಥವರು ಮುಗಿದರೆ ರೆಫರಿ ತಳ್ಳಾಟವಿಲ್ಲದ ಸ್ಕ್ರಮ್ ಆಡಿಸುತ್ತಾರೆ.

ತಲೆಗೆ ಪೆಟ್ಟಾದ ಅನುಮಾನ ಬಂದರೆ ಆಟಗಾರನನ್ನು ಹೊರಗೆ ಕರೆದು 12 ನಿಮಿಷ ಪರೀಕ್ಷೆ, ಅಷ್ಟು ಹೊತ್ತು ಬದಲಿ ಆಟಗಾರ. ಹಳದಿ ಕಾರ್ಡ್ ಅಂದರೆ 10 ನಿಮಿಷ ಹೊರಗೆ, ಬದಲಿ ಇಲ್ಲ. 2023ರಲ್ಲಿ ಒಂದು ಏರ್ಪಾಡು ಸೇರಿತು: ರೆಫರಿ ಹಳದಿ ಕೊಟ್ಟು ಆಟ ಮುಂದುವರಿಸುತ್ತಾರೆ, ಬೇರೆ ಕಡೆ ಕೂತ ಅಧಿಕಾರಿ 8 ನಿಮಿಷದೊಳಗೆ ವಿಡಿಯೊ ನೋಡಿ ಅದು ಕೆಂಪಾಗಬೇಕೇ ಅಂತ ಹೇಳುತ್ತಾರೆ. ಆ ಸಲದ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಅವರ ಹಳದಿ ಹೀಗೇ ಕೆಂಪಾಯಿತು. ಉಳಿದ ಆಟವನ್ನು ಹದಿನಾಲ್ಕು ಮಂದಿಯಲ್ಲೇ ಆಡಿ 11–12ರಲ್ಲಿ ಸೋತರು.

ಸೀಟಿ_ಮೇಷ್ಟ್ರು (ಹರಿಹರ):

ದಾವಣಗೆರೆ ಟೂರ್ನಿಗೆ ಬರೋಣ. ಹದಿನೈದು ಜನರ ಆಟ ಬೇಡವೇ ಬೇಡ. ನಿಮಗೆ ಬೇಕಾದ್ದು ಸೆವೆನ್ಸ್, ಒಲಿಂಪಿಕ್ಸ್‌ನಲ್ಲಿ 2016ರಿಂದ ಇರೋದು ಅದೇ. ಅಲ್ಲೂ ನಿಮ್ಮಂಗೇ 12 ತಂಡ, ನಾಲ್ಕರ ಮೂರು ಗುಂಪು. ಮೈದಾನದಲ್ಲಿ ಏಳೇಳು ಜನ, ಬಳಗದಲ್ಲಿ 12. ಏಳು ನಿಮಿಷದ ಎರಡು ಅವಧಿ, ನಡುವೆ ಎರಡು ನಿಮಿಷ. ಒಂದು ಪಂದ್ಯ ಅಂದ್ರೆ 14 ನಿಮಿಷದ ಆಟ. ಫೈನಲ್ ತಲುಪೋ ತಂಡ ಎರಡು ದಿನದಲ್ಲಿ ಆರು ಪಂದ್ಯ ಆಡುತ್ತೆ, 84 ನಿಮಿಷ. ಹದಿನೈದರ ಆಟದ ಒಂದೇ ಪಂದ್ಯದಷ್ಟು. ಗಾಯ_ಪಟ್ಟಿ ಮೇಡಂ ಹೇಳಿದ ದೇಹದ ಲೆಕ್ಕ ಇಲ್ಲಿ ಕೂಡುತ್ತೆ.

ವೇಳಾಪಟ್ಟಿ ಹೀಗೆ ಹಾಕ್ರಿ. ಪ್ರತಿ ಪಂದ್ಯಕ್ಕೆ 22 ನಿಮಿಷ ಕೊಡ್ರಿ, ಗಾಯಕ್ಕೆ ನಿಲ್ಲೋದು, ತಂಡ ಇಳಿಯೋದು ಹತ್ತೋದು ಸೇರಿ. ಗುಂಪು ಹಂತ 18 ಪಂದ್ಯ. ಶನಿವಾರ ಬೆಳಗ್ಗೆ 7.30ಕ್ಕೆ ಶುರು ಮಾಡಿದರೆ ಒಂಬತ್ತು ಪಂದ್ಯ 10.48ಕ್ಕೆ ಮುಗೀತವೆ. ಬಿಸಿಲು ಏರೋ ಹೊತ್ತಿಗೆ ಮೈದಾನ ಖಾಲಿ. ಮಧ್ಯಾಹ್ನ 2.45ಕ್ಕೆ ಮತ್ತೆ ಒಂಬತ್ತು, 6.03ಕ್ಕೆ ಮುಗೀತವೆ, ಕತ್ತಲಾಗೋದಕ್ಕೆ ಮುಂಚೆ. ಮೊದಲ ಸುತ್ತಿನ ಆರು ಪಂದ್ಯ ಯಾವ ಅನುಕ್ರಮದಲ್ಲಿ ಐತೋ ಎರಡನೇ, ಮೂರನೇ ಸುತ್ತಿಗೂ ಗುಂಪುಗಳ ಅನುಕ್ರಮ ಅದೇ ಇಡ್ರಿ. ಒಂದೇ ಗುಂಪಿನ ಎರಡು ಪಂದ್ಯ ಒಂದರ ಹಿಂದೆ ಒಂದು ಇದ್ದರೆ, ಆಗ ಪ್ರತಿ ತಂಡಕ್ಕೂ ಎರಡು ಪಂದ್ಯದ ನಡುವೆ ಕಡಿಮೆ ಅಂದ್ರೂ ಸುಮಾರು ಒಂದೂವರೆ ಗಂಟೆ ವಿರಾಮ ಸಿಗುತ್ತೆ.

ಭಾನುವಾರ: ಮೂರು ಗುಂಪಿನ ಮೊದಲಿಬ್ಬರು ಆರು, ಉತ್ತಮ ಮೂರನೆಯವರು ಎರಡು. ಎಂಟಕ್ಕೂ ಕ್ರಮಾಂಕ ಹಾಕಿ 1–8, 2–7, 3–6, 4–5 ಆಡಿಸ್ರಿ. ಒಂದೇ ಗುಂಪಿನವರು ಎದುರಾದರೆ ಪಕ್ಕದ ಕ್ರಮಾಂಕದ ಜೊತೆ ಅದಲು ಬದಲು. ಕ್ವಾರ್ಟರ್ 4, ಸೆಮಿ 2, ಮೂರನೇ ಸ್ಥಾನ, ಫೈನಲ್, ಒಟ್ಟು 8. ಸೋತ ನಾಲ್ವರಿಗೆ ಒಂದು ಕಿರು ಕಪ್, ಕೊನೇ ನಾಲ್ವರಿಗೆ ಇನ್ನೊಂದು, ಮೂರು ಮೂರು ಪಂದ್ಯ. ಎಲ್ಲಾ ಸೇರಿ 14, ಐದು ಗಂಟೆ ಚಿಲ್ಲರೆ. ದೂರದಿಂದ ಬಂದ ತಂಡ ಶನಿವಾರ ಸೋತು ಬಸ್ ಹತ್ತಬಾರದು. ಕಿರು ಕಪ್ ಇಲ್ಲದಿದ್ರೆ ಮುಂದಿನ ವರ್ಷ ಅವರು ಬರೋದೂ ಇಲ್ಲ.

ಅಂಕ ಇಲ್ಲಿ ಬೇರೆ: ಗೆಲುವು 3, ಸಮ 2, ಸೋಲು 1, ಮೈದಾನಕ್ಕೆ ಬಾರದಿದ್ರೆ 0. ಬೋನಸ್ ಇಲ್ಲ. ಸೋತವರಿಗೆ 1 ಕೊಡೋದೇ ಬಂದು ಆಡಿದ್ದಕ್ಕೆ. ಆಟದಲ್ಲೂ ವ್ಯತ್ಯಾಸ ಅದಾವೆ. ಸ್ಕ್ರಮ್‌ಗೆ ಮೂರು ಮೂರು ಜನ. ಕನ್ವರ್ಷನ್ ಡ್ರಾಪ್ ಕಿಕ್‌ನಲ್ಲೇ, 30 ಸೆಕೆಂಡಿನೊಳಗೆ. ಹಳದಿ ಕಾರ್ಡ್‌ಗೆ 2 ನಿಮಿಷ. ಟ್ರೈ ಮಾಡಿದ ತಂಡವೇ ಮತ್ತೆ ಕಿಕ್‌ಆಫ್ ಒದೀಬೇಕು, ಹದಿನೈದರ ಆಟದಲ್ಲಿ ಒದೆಯೋದು ಟ್ರೈ ಬಿಟ್ಟುಕೊಟ್ಟವರು. ಸ್ಕೋರರ್ ಇದನ್ನ ಮರೆತರೆ ಮೈದಾನದಲ್ಲಿ ಜಗಳ.

ಈಗ ಮುಖ್ಯವಾದ ಎಚ್ಚರಿಕೆ. ಜನವರಿ ಕೊನೆಗೆ ನಮ್ಮ ಕಡೆ ನೆಲ ಒಣಗಿ ಹೆಂಚಿನಂಗೆ ಆಗಿರುತ್ತೆ, ಎರೆಮಣ್ಣಿದ್ರೆ ಬಿರುಕು ಬೇರೆ. ಸೈಕಲ್ ಕೀಲಿಯನ್ನ ನೆಲಕ್ಕೆ ಒತ್ತಿ ನೋಡ್ರಿ. ಬೆರಳುದ್ದ ಸಲೀಸಾಗಿ ಇಳೀಬೇಕು. ಇಳಿಯಲ್ಲ ಅಂದ್ರೆ ಟ್ಯಾಕಲ್ ಇರೋ ಆಟ ಆಡಿಸಬಾರದು. ಹಿಂದಿನ ನಾಲ್ಕೈದು ರಾತ್ರಿ ನೀರು ಬಿಟ್ಟು ಮೆದು ಮಾಡೋಕಾದ್ರೆ ಸರಿ, ಆಗದಿದ್ರೆ ಟಚ್ ರಗ್ಬಿ ಆಡಿಸ್ರಿ: ಆರು ಜನ, 70 ಮೀಟರ್ ಉದ್ದ 50 ಅಗಲ, ಕೆಡವೋ ಬದಲು ಮುಟ್ಟೋದು, ಆರು ಸಲ ಮುಟ್ಟಿಸಿಕೊಂಡರೆ ಚೆಂಡು ಎದುರಾಳಿಗೆ. ಕಂಬವೂ ಬೇಡ. ಖೋಖೋ ಹುಡುಗರು ಇದರಲ್ಲಿ ಎಲ್ಲರನ್ನೂ ಮೀರಿಸ್ತಾರೆ.

ಗೆರೆ ಹಾಕೋಕೆ ಸುಟ್ಟ ಸುಣ್ಣ ತರಬ್ಯಾಡ್ರಿ. ಕಬಡ್ಡಿ ಅಂಕಣಕ್ಕೆ ಹಾಕಿ ರೂಢಿ ಇರುತ್ತೆ, ಆದರೆ ರಗ್ಬಿಯಲ್ಲಿ ಮುಖ ನೆಲಕ್ಕೆ ಉಜ್ಜುತ್ತೆ, ಬೆವರಿನ ಜೊತೆ ಸೇರಿ ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ದರೆ ದೊಡ್ಡ ಅನಾಹುತ. ಸೀಮೆಸುಣ್ಣದ ಪುಡಿ ಅಥವಾ ನೀರಿನ ಬಣ್ಣ ಸಾಕು. ಕಂಬ ನೆಟ್ಟರೆ ಆಳೆತ್ತರ ದಪ್ಪ ಫೋಮ್ ಸುತ್ತಿ ಹಗ್ಗ ಬಿಗೀರಿ.

ಗಾಯ_ಪಟ್ಟಿ (ಫಿಸಿಯೋ):

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಆ 12 ನಿಮಿಷದ ತಲೆ ಪರೀಕ್ಷೆಯನ್ನು ನೀವು ಅನುಕರಿಸಬೇಡಿ. ಅದು ತರಬೇತಾದ ವೈದ್ಯರು, ವಿಡಿಯೊ ಎಲ್ಲ ಇರುವ ಕಡೆಗೆ ಮಾತ್ರ. ಕಾಲೇಜು ಮಟ್ಟದಲ್ಲಿ ನಿಯಮ ಒಂದೇ: ತಲೆಗೆ ಪೆಟ್ಟಾಗಿ ಎದ್ದು ತೂರಾಡಿದರೆ, ಕಣ್ಣು ಮಂಜಾದರೆ, ಸ್ಕೋರು ಎಷ್ಟು ಅಂತ ಕೇಳಿದ್ದಕ್ಕೆ ತಡವರಿಸಿದರೆ ಆ ಆಟಗಾರ ಟೂರ್ನಿ ಪೂರ್ತಿ ಹೊರಗೆ. ತಾನು ಚೆನ್ನಾಗಿದ್ದೇನೆ ಅಂತ ಅವನೇ ಹೇಳಿದರೂ ಸೇರಿಸಬೇಡಿ. ಕುಸ್ತಿಯಿಂದ ಬಂದವರಿಗೆ ಮೊದಲ ದಿನವೇ ಹೇಳಿ: ಟ್ಯಾಕಲ್ ಭುಜಕ್ಕಿಂತ ಕೆಳಗೆ, ಎರಡೂ ತೋಳು ಸುತ್ತಿ, ಹಿಡಿಯುವವನ ತಲೆ ಎದುರಾಳಿಯ ಹಿಂಭಾಗದ ಕಡೆಗೆ. ಎತ್ತಿ ತಲೆಕೆಳಗಾಗಿ ಹಾಕಿದರೆ ಅಖಾಡದಲ್ಲಿ ಚಪ್ಪಾಳೆ, ಇಲ್ಲಿ ಕೆಂಪು ಕಾರ್ಡ್.

ನಿಟುವಳ್ಳಿ_ನೋಡುಗ:

ಮೇಷ್ಟ್ರೇ, ಮೇಡಂ, ಇದನ್ನ ಹಾಗೇ ಅಚ್ಚು ಹಾಕಿಸಿ ಎಲ್ಲಾ ತಂಡಕ್ಕೂ ಕೊಡ್ತೀವಿ. ಕೊನೆಯದಾಗಿ ಮೂರು: ಮೂರು ತಂಡ ಒಬ್ಬರನ್ನೊಬ್ಬರು ಸೋಲಿಸಿ ಸಮ ಆದರೆ? ನಾಕೌಟ್ ಸಮ ಆದರೆ? ಪಂದ್ಯ ನಡೆಯೋಕೇ ಆಗದಿದ್ರೆ?

ಹತ್ತನೇ_ನಂಬರ್:

ಮೂರು ತಂಡದ ಸುತ್ತು ಬಿದ್ದರೆ ಪರಸ್ಪರ ಪಂದ್ಯ ಕೆಲಸಕ್ಕೆ ಬರಲ್ಲ, ನೇರ ಸ್ಕೋರಿನ ವ್ಯತ್ಯಾಸಕ್ಕೆ ಹೋಗ್ರಿ. ಅದಕ್ಕೇ 35–0 ಇದ್ದಾಗಲೂ ಸೋಲುತ್ತಿರೋ ತಂಡ ಒಂದು ಟ್ರೈಗೆ ಒದ್ದಾಡಬೇಕು ಅಂತ ನಾಯಕರಿಗೆ ಹೇಳಿರ್ರಿ.

ವಿಶ್ವಕಪ್ ನಾಕೌಟ್‌ನಲ್ಲಿ 80 ನಿಮಿಷಕ್ಕೆ ಸಮ ಆದರೆ 5 ನಿಮಿಷ ವಿರಾಮ, ಆಮೇಲೆ 10 ನಿಮಿಷದ ಎರಡು ಅವಧಿ. ಮತ್ತೂ ಸಮ ಇದ್ದರೆ ಇನ್ನೊಂದು 10 ನಿಮಿಷ, ಅದರಲ್ಲಿ ಮೊದಲು ಸ್ಕೋರು ಮಾಡಿದವರದ್ದೇ ಗೆಲುವು. ಅಲ್ಲೂ ಆಗದಿದ್ರೆ ಕಂಬಕ್ಕೆ ಒದೆಯೋ ಸ್ಪರ್ಧೆ. ಪುರುಷರ ವಿಶ್ವಕಪ್‌ನಲ್ಲಿ ಅಲ್ಲಿವರೆಗೆ ಯಾವ ಪಂದ್ಯವೂ ಹೋಗಿಲ್ಲ. 1995 ಮತ್ತು 2003ರ ಫೈನಲ್ ಎರಡೂ ಹೆಚ್ಚುವರಿ ಸಮಯದಲ್ಲಿ ಡ್ರಾಪ್ ಗೋಲ್‌ನಿಂದ ತೀರ್ಮಾನ ಆದವು, ಜೋಯೆಲ್ ಸ್ಟ್ರಾನ್ಸ್‌ಕಿ, ಜಾನಿ ವಿಲ್ಕಿನ್ಸನ್. ಸೆವೆನ್ಸ್‌ನಲ್ಲಿ ಒಂದು ನಿಮಿಷ ಬಿಟ್ಟು 5 ನಿಮಿಷದ ಅವಧಿ, ಮೊದಲ ಸ್ಕೋರಿಗೇ ಮುಗೀತು.

ಪಂದ್ಯ ನಡೆಯದಿದ್ರೆ ಏನು ಅನ್ನೋದಕ್ಕೆ 2019ರ ಜಪಾನ್ ನೋಡ್ರಿ. ಹಗಿಬಿಸ್ ಚಂಡಮಾರುತದಿಂದ ಮೂರು ಗುಂಪು ಪಂದ್ಯ ರದ್ದಾದವು. ಮೂರಕ್ಕೂ 0–0 ಅಂತ ಬರೆದು ತಲಾ 2 ಅಂಕ ಹಂಚಿದರು. ಇಟಲಿಗೆ ನ್ಯೂಜಿಲೆಂಡ್ ಎದುರು ಗೆದ್ದು ಮುಂದೆ ಹೋಗೋ ಅವಕಾಶ ಕಾಗದದ ಮೇಲಾದ್ರೂ ಇತ್ತು, ಮೈದಾನಕ್ಕೆ ಇಳಿಯದೇ ಹೊರಬಿದ್ದರು. ನೋವಿನ ಸಂಗತಿ, ಆದರೆ ನಿಯಮ ಮೊದಲೇ ಬರೆದಿತ್ತು.

ಸೀಟಿ_ಮೇಷ್ಟ್ರು (ಹರಿಹರ):

ಹೌದು, ಬರೆದಿರಬೇಕು. ಜೊತೆಗೆ ಆಟಗಾರರ ಅರ್ಹತೆಯನ್ನೂ. ಅಂತರರಾಷ್ಟ್ರೀಯ ಮಟ್ಟದಲ್ಲಿ ಆ ದೇಶದಲ್ಲಿ ಹುಟ್ಟಿರಬೇಕು, ಅಥವಾ ಅಪ್ಪ ಅಮ್ಮ ಅಜ್ಜ ಅಜ್ಜಿಯಲ್ಲಿ ಒಬ್ಬರು ಅಲ್ಲಿ ಹುಟ್ಟಿರಬೇಕು, ಇಲ್ಲವೇ ಸತತ 60 ತಿಂಗಳು ಆ ದೇಶದ ರಗ್ಬಿ ಸಂಸ್ಥೆಯಲ್ಲೇ ನೋಂದಣಿ ಇದ್ದಿರಬೇಕು. 2023ಕ್ಕೆ ಸ್ಪೇನ್ ಮೈದಾನದಲ್ಲಿ ಗೆದ್ದು ಅರ್ಹತೆ ಪಡೆದಿತ್ತು. ಅರ್ಹತೆ ಇಲ್ಲದ ಒಬ್ಬ ಆಟಗಾರನನ್ನ ಆಡಿಸಿದ್ದಕ್ಕೆ ಅಂಕ ಕಡಿತ ಆಯ್ತು, ರೊಮೇನಿಯಾ ಮೇಲೆ ಬಂತು, ಅದರ ಹಿಂದಿದ್ದ ಪೋರ್ಚುಗಲ್‌ಗೆ ಕೊನೇ ಅರ್ಹತಾ ಟೂರ್ನಿ ಸಿಕ್ತು. ಅಲ್ಲಿ ಅಮೆರಿಕ ಜೊತೆ 16–16 ಸಮ ಮಾಡಿಕೊಂಡು ಸ್ಕೋರಿನ ವ್ಯತ್ಯಾಸದಲ್ಲಿ ಫ್ರಾನ್ಸ್‌ಗೆ ಬಂದರು. ನೀವು ಮೊದಲು ಕೇಳಿದ, ಫಿಜಿಯನ್ನ ಸೋಲಿಸಿದ ಪೋರ್ಚುಗಲ್ ಇವರೇ.

ಹಾಗಾಗಿ ಶನಿವಾರ ಬೆಳಗ್ಗೆ 6.45ಕ್ಕೆ 12 ನಾಯಕರನ್ನೂ ಕರೀರಿ. ಒಂದೇ ಹಾಳೆ: 12 ಹೆಸರಿನ ಪಟ್ಟಿ, ಕಾಲೇಜು ಗುರುತಿನ ಚೀಟಿಯ ಜೆರಾಕ್ಸ್, ಸಮ ಆದಾಗಿನ ಕ್ರಮ, ಪಂದ್ಯ ರದ್ದಾದರೆ ತಲಾ 2 ಅಂಕ, ಹತ್ತು ನಿಮಿಷ ತಡವಾದರೆ ಬಾರದ ಲೆಕ್ಕ. ಕೆಳಗೆ ಎಲ್ಲರ ಸಹಿ. ಒಂದು ಗುಂಪು ಕೊನೆಗೆ ಆಡಿದರೆ ಮೂರನೇ ಸ್ಥಾನಕ್ಕೆ ಎಷ್ಟು ಬೇಕು ಅಂತ ಅವರಿಗೆ ಮೊದಲೇ ಗೊತ್ತಾಗುತ್ತೆ. ಒಂದೇ ಮೈದಾನದಲ್ಲಿ ಅದನ್ನ ತಪ್ಪಿಸೋಕಾಗಲ್ಲ, ಆದ್ದರಿಂದ ಗುಂಪುಗಳ ಅನುಕ್ರಮವನ್ನೂ ಅಲ್ಲೇ ಎಲ್ಲರ ಎದುರು ಚೀಟಿ ಎತ್ತಿ ಬರೀರಿ.